ಐದನೆಯ ಗುಂಡಿ

“ಕೈ ಕಟ್ಕೊಂಡು ನೋಡ್ತಾ ನಿಲ್ಲೋಕಾ ನಿಮಗೆ ಇಲ್ಲಿ ಕೆಲಸ ಕೊಟ್ಟಿರೋದು?”

ಅವಳು ಅವನೊಡನೆ ಆಡಿದ ಮೊದಲ ಮಾತು ಇದು.

ಹೊರಗೆ, ಮನೆಯವರನ್ನು ಹಗಲಿನ ತರಬೇತಿ ಕೇಂದ್ರಕ್ಕೆ ಒಯ್ಯುವ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಮೇಷ್ಟ್ರು ಕುಳಿತಿದ್ದರು. ಹದಿನೆಂಟು ವರ್ಷ ಗಣಿತ ಕಲಿಸಿದವರು. ಮನಸ್ಸಿನ ಕಾಯಿಲೆ ಬಂದು, ಔಷಧದಿಂದ ಬೆರಳು ನಡುಗತೊಡಗಿ, ಎರಡು ವರ್ಷದಿಂದ ಈ ಆರೈಕೆ ಮನೆಯಲ್ಲಿದ್ದರು. ಅಂಗಿಯ ಮೂರನೆಯ ಗುಂಡಿ ಅವರ ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು. ಅಂದೇ ಕೆಲಸಕ್ಕೆ ಸೇರಿದ ಸಹಾಯಕ ಎದುರಿಗೇ, ಬೆನ್ನ ಹಿಂದೆ ಕೈಕಟ್ಟಿ, ಸುಮ್ಮನೆ ನಿಂತಿದ್ದ.

ಅವಳು ಬಗ್ಗಿ ಉಳಿದ ಗುಂಡಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ಹಾಕಿದಳು. ಮೇಷ್ಟ್ರು ಮುಖ ತಿರುಗಿಸಿದರು.

“ಇನ್ನೆರಡು ನಿಮಿಷ ಬೇಕಿತ್ತು ಅವರಿಗೆ,” ಎಂದ ಅವನು.

“ವ್ಯಾನಿನವನ ಹತ್ರ ಆ ಎರಡು ನಿಮಿಷ ಇರ್ಲಿಲ್ಲ.”

ಹತ್ತೊಂಬತ್ತು ಜನರ ಆ ಮನೆಗೆ ಅವಳೇ ಮೇಲ್ವಿಚಾರಕಿ. ವಯಸ್ಸಿನಲ್ಲಿ ಹಿರಿಯರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಆರು ವರ್ಷದಲ್ಲಿ ಒಂದು ದಿನವೂ ವ್ಯಾನು ತಡವಾಗಿರಲಿಲ್ಲ. “ಅಕ್ಕ ಬಂದ್ರೆ ಹಾಲು ಕೂಡ ಹೇಳದೆ ಉಕ್ಕಲ್ಲ,” ಎಂದು ಅಡುಗೆಯಾಕೆ ನಗುತ್ತಿದ್ದಳು.

ಅವನು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವನು. ಮಾತು ಕಡಿಮೆ. ಊಟದ ಹೊತ್ತಿನಲ್ಲಿ ಅವನು ಏನೋ ಹೇಳಿದರೆ, ಯಾರೊಡನೆಯೂ ನಗದವರು ನಗುತ್ತಿದ್ದರು. ಆಗೆಲ್ಲ ಅವಳ ಕಿವಿ ತಾನಾಗಿ ಆ ಕಡೆಗೆ ಹೋಗುತ್ತಿತ್ತು.

‘ಸೋಮಾರಿಯ ದನಿ ನನಗ್ಯಾಕೆ ಬೇಕು...’

ಮೇಷ್ಟ್ರು ಈಗ ಬೆಳಗಾದರೆ ಗುಂಡಿ ಹಾಕದ ಅಂಗಿ ತೊಟ್ಟು ಅವಳಿಗಾಗಿ ಕಾಯುತ್ತ ಕೂರುತ್ತಿದ್ದರು. ಅವಳು ದಿನವೂ ಗುಂಡಿ ಹಾಕಿದಳು, ದಿನವೂ ಎಲ್ಲರೆದುರು ಅವನ ಮೇಲೆ ಸಿಡುಕಿದಳು. ಅವನಿಗೆ ಕೊಟ್ಟಿದ್ದ ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತ ಬಂದಾಗ, ಗುರುವಾರ ಸಂಜೆ ವ್ಯವಸ್ಥಾಪಕರಿಗೆ ಪತ್ರ ಕೊಟ್ಟಳು: ‘ಇವರು ಸಹಾಯ ಮಾಡುವುದಿಲ್ಲ. ಮೇಷ್ಟ್ರ ಸ್ಥಿತಿ ಹದಗೆಡುತ್ತಿದೆ. ಇವರನ್ನು ಮುಂದುವರಿಸುವುದು ಬೇಡ.’

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ವ್ಯಾನು ಇಲ್ಲ, ಅವಳಿಗೂ ವಾರದ ರಜೆ. ಮರೆತಿದ್ದ ಕನ್ನಡಕ ತರಲು ಬೆಳಿಗ್ಗೆ ಬಂದವಳು ಕೋಣೆಯ ಬಾಗಿಲಲ್ಲೇ ನಿಂತಳು. ಮೇಷ್ಟ್ರು ಐದನೆಯ ಗುಂಡಿ ಹಾಕುತ್ತಿದ್ದರು. ಅವನು ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ. ಕಟ್ಟಿದ ಬೆರಳುಗಳು ಬಿಗಿದು ಬಿಳಿಚಿದ್ದವು.

ಗುಂಡಿ ಕೂತಿತು.

“ಮೇಷ್ಟ್ರೇ... ನಿಮಗೆ ಹಾಕ್ಕೊಳ್ಳೋಕೆ ಬರುತ್ತಾ?”

ಮೇಷ್ಟ್ರು ಬೆಚ್ಚಿದರು. “ಶುಕ್ರವಾರ ಮಾತ್ರ ಹಾಕ್ಕೋತೀನಮ್ಮ. ಬೇರೆ ದಿನ ನಿನಗೆ ಅವಸರ. ನಿನ್ನ ಹೊತ್ತು ಯಾಕೆ ಹಾಳು ಮಾಡ್ಲಿ ಅಂತ...”

ಅವಳು ಹೊರಗೆ ಬಂದು ಗೋಡೆಗೆ ಒರಗಿದಳು. ಅವನೂ ಬಂದ.

“ನನಗ್ಯಾಕೆ ಹೇಳ್ಲಿಲ್ಲ?”

“ಮೊದಲ ದಿನವೇ ಹೇಳಿದ್ನಲ್ಲ.” ಅವನೂ ಗೋಡೆಗೆ ಒರಗಿದ. “ನಮ್ಮಮ್ಮನಿಗೆ ಲಕ್ವ ಹೊಡೆದಿತ್ತು. ಒಂದು ಕೈ ಸ್ವಲ್ಪ ಆಡ್ತಿತ್ತು. ಚೆಲ್ತಾಳೆ ಅಂತ ವರ್ಷವೆಲ್ಲ ನಾನೇ ಉಣಿಸಿದೆ. ಆಮೇಲೆ ಆ ಕೈಯೂ ಚಮಚ ಹಿಡಿಯೋದು ಮರೀತು. ದೇವರು ಅವಳನ್ನ ಕರ್ಕೊಂಡ್ಮೇಲೆ ನನಗೆ ತಿಳೀತು... ಪ್ರೀತಿಯಿಂದಲೇ ಅವಳ ಕೈ ಕಿತ್ಕೊಂಡಿದ್ದೆ.”

ಅವಳು ಪತ್ರದ ವಿಷಯ ಹೇಳಿದಳು. ಅವನು ತಲೆಯಾಡಿಸಿ ಮೇಷ್ಟ್ರ ಕೋಣೆಗೆ ಹಿಂತಿರುಗಿದ.

‘ಗುಟ್ಟಾಗಿ ಪತ್ರ ವಾಪಸು ಇಸ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ... ಆದರೆ ಬೈದದ್ದು ಎಲ್ಲರೆದುರು ಅಲ್ವಾ?’

ಶನಿವಾರದ ಸಭೆಯಲ್ಲಿ ಅವಳು ಎದ್ದು ನಿಂತಳು.

“ನಾನು ಬರೆದದ್ದು ತಪ್ಪು. ಮೇಷ್ಟ್ರ ಸ್ಥಿತಿ ಹದಗೆಡ್ತಿದ್ದದ್ದು ನನ್ನಿಂದ. ಇವರಿಗೆ ಕಾಯೋಕೆ ಬರುತ್ತೆ, ನನಗೆ ಬರಲ್ಲ. ಇವರು ಇರ್ಲಿ. ಸೋಮವಾರದಿಂದ ವ್ಯಾನು ಕಾಲು ಗಂಟೆ ತಡವಾಗಿ ಹೊರಡ್ಲಿ.”

ಅವಳ ಬಾಯಲ್ಲಿ ‘ತಡ’ ಎಂಬ ಮಾತನ್ನು ಆ ಮನೆ ಕೇಳಿರಲಿಲ್ಲ.

“ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ, ನೋಡಿ ಬರ್ಲಾ ಅಕ್ಕ?” ಎಂದಳು ಅಡುಗೆಯಾಕೆ. ವ್ಯವಸ್ಥಾಪಕರು ನಗದೆ, ಪತ್ರವನ್ನು ಅವಳ ಮುಂದಿಟ್ಟರು. ಅವಳೇ ಹರಿದಳು.

ಸೋಮವಾರ ಬೆಳಿಗ್ಗೆ ಜಗಲಿಯಲ್ಲಿ ಅವನೊಬ್ಬನೇ ಅವಳಿಗೆ ಸಿಕ್ಕ.

“ನಿಮ್ಮ ಹತ್ರ ಒಂದು ಮಾತು... ನನಗೆ ನಿಮ್ಮನ್ನ ಕಂಡ್ರೆ...” ದನಿ ಅಲ್ಲೇ ನಿಂತಿತು.

ಅವನು ಬೆನ್ನ ಹಿಂದೆ ಕೈಕಟ್ಟಿ ನಿಂತ.

“ಸ್ವಲ್ಪ ಸಹಾಯ ಮಾಡ್ಬಾರ್ದಾ?”

“ಇಲ್ಲ. ನೀವೇ ಹೇಳಿ ಮುಗಿಸಿ. ನನಗೇನೂ ಅವಸರ ಇಲ್ಲ.”

ವ್ಯಾನು ಹಾರ್ನ್ ಹೊಡೆಯಿತು. ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, “ತಡಿಯಪ್ಪಾ, ಇನ್ನೂ ಗುಂಡಿ ಹಾಕ್ತಿದಾರೆ,” ಎಂದರು. ಅವರ ಐದು ಗುಂಡಿಗಳೂ ಆಗಲೇ ಕೂತಿದ್ದವು.

ಅವಳು ತಡವರಿಸಿ, ನಿಂತು, ಮತ್ತೆ ಶುರುಮಾಡಿ, ಕೊನೆಯವರೆಗೂ ಹೇಳಿದಳು.

ಆಗ ಅವನು ಕಟ್ಟಿದ್ದ ಕೈ ಬಿಡಿಸಿ ಅವಳ ಕೈ ಹಿಡಿದುಕೊಂಡ.

“ಇಷ್ಟು ಹೊತ್ತು ಸುಮ್ಮನೆ ನಿಂತಿರೋದು ಕಷ್ಟ ಆಗ್ಲಿಲ್ವಾ?”

“ಆಯ್ತು,” ಎಂದ. “ಮೇಷ್ಟ್ರ ಗುಂಡಿಗಿಂತ ಹೆಚ್ಚು ಕಷ್ಟ ಆಯ್ತು.”