ಬಂದರಿನ ಜೀವತಂತಿ

ಮೀನುಗಾರಿಕೆ ಬೋಟಿನ ಇಂಜಿನ್ ಕೋಣೆಯ ಮೂಲೆಯಲ್ಲಿ ಉಪ್ಪು ತಿಂದು ಹಸಿರುಗಟ್ಟಿದ್ದ ತಾಮ್ರದ ತಂತಿ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಬಿರುಕಿನ ಎರಡೂ ತುದಿಗಳಿಂದ ಬೂದುಬಣ್ಣದ ತೆಳುಪೊರೆಯೊಂದು ಹೊರಟು ನಡುವೆ ಬಂದು ಸೇರುತ್ತಿತ್ತು. ಇದೇ ಜೀವತಂತಿ. ಉಪ್ಪುನೀರಿನಲ್ಲಿ ಬದುಕಬಲ್ಲ ಸೂಕ್ಷ್ಮಜೀವಿಗಳನ್ನು ಅದರ ಹೊದಿಕೆಯೊಳಗೆ ಸಾಕಿದ್ದರು. ವಿದ್ಯುತ್ತಿನ ಹರಿವು ಎಲ್ಲಿ ತಡವರಿಸುತ್ತದೋ ಅಲ್ಲಿಗೆ ಅವು ಸರಿದುಹೋಗಿ, ವಿದ್ಯುತ್ತು ಹಾಯುವಂಥ ಪೊರೆಯನ್ನು ನೇಯುತ್ತಿದ್ದವು. ತಂತಿ ತುಂಡಾಗಿ ನಡುಗಡಲಿನಲ್ಲಿ ಬೋಟು ಕೈಕೊಡುವುದು ಕರಾವಳಿಯಲ್ಲಿ ಹಳೆಯ ಕಾಲದ ಮಾತಾಗಿತ್ತು.

ಗಂಗೊಳ್ಳಿಯ ದಾಮೋದರ ಖಾರ್ವಿಯೂ ತನ್ನ ಬೋಟಿಗೆ ಅದನ್ನೇ ಹಾಕಿಸಿದ್ದ. ಈಚೆಗೆ ಮಾತ್ರ ಬೋಟಿನ ಮೀಟರುಗಳು ಒಟ್ಟಿಗೇ ದಾರಿತಪ್ಪಿದ್ದವು. ಬಂದರಿನಲ್ಲಿ ಇಂಜಿನ್ ಶುರುಮಾಡಿದರೆ ಆಯಿಲ್ ಒತ್ತಡದ ಮುಳ್ಳು ನೆಲಕಚ್ಚುತ್ತಿತ್ತು, ಬಿಸಿಯ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು, ಚಾರ್ಜಿನ ಮುಳ್ಳು ಸುಮ್ಮನೆ ನಡುಗುತ್ತಿತ್ತು. ಸಂಜೆ ತುಂಬಿಸಿಟ್ಟ ಬ್ಯಾಟರಿ ಬೆಳಿಗ್ಗೆ ಇಂಜಿನ್ ತಿರುಗಿಸಲೂ ಸಾಲದು. ಹೀಗೆ ಹೊರಡುವ ಹೊತ್ತು ತಪ್ಪಿ, ಎಲ್ಲರೂ ಬಂಗುಡೆ ಮೀನು ತುಂಬಿಕೊಂಡು ಬಂದ ವಾರ ಅವನ ಬಲೆ ಒಣಗಿಯೇ ಉಳಿದಿತ್ತು. ಕೂಲಿಯಾಳುಗಳು ಬೇರೆ ಬೋಟು ಹುಡುಕುವ ಮಾತಾಡತೊಡಗಿದ್ದರು.

ತಂತಿಯನ್ನು ರೂಪಿಸಿದ ಪ್ರಯೋಗಾಲಯಕ್ಕೆ ಅವನು ದೂರು ಕೊಟ್ಟ. ಅಲ್ಲಿಂದ ವಿಜ್ಞಾನಿ ವಾರಿಜಾ ಸ್ವತಃ ಬಂದರು.

“ಬಂದರಂಗೆ ಮಾತ್ರ ಹೀಂಗ್ ಆತ್ತ್ ಮೇಡಂ. ಕಡಲಿಗ್ ಹೋರೆ ಎಲ್ಲ ಸಮಾ ಇರತ್ತ್,” ಎಂದ ದಾಮೋದರ.

“ಒಂದೇ ಮೀಟರು ತಪ್ಪು ತೋರಿಸಿದರೆ ಆ ಮೀಟರಿನ ಮೇಲೆ ಅನುಮಾನಪಡಬೇಕು. ಎಲ್ಲವೂ ಒಟ್ಟಿಗೆ ತಪ್ಪಿದರೆ ಅವೆಲ್ಲಕ್ಕೂ ಸೇರಿದ ಅರ್ತಿಂಗ್ ದಾರಿಯನ್ನು ನೋಡಬೇಕು,” ಎಂದು ವಾರಿಜಾ ಇಂಜಿನ್ ಕೋಣೆಗಿಳಿದರು.

ಅರ್ತಿಂಗ್ ಬಿಗಿಯಾಗಿಯೇ ಇತ್ತು. ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಬೆಲ್ಟು ಸಡಿಲವಾಗಿರಲಿಲ್ಲ. ಬ್ಯಾಟರಿಯ ಟರ್ಮಿನಲ್ಲುಗಳು ಶುದ್ಧವಾಗಿದ್ದವು. ಕೊನೆಗೆ ಅವರು ಇಂಜಿನ್ ನಿಲ್ಲಿಸಿ, ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಅಳತೆಯ ಉಪಕರಣವನ್ನು ತಂತಿಗೆ ಹಿಡಿದರು. ಎಲ್ಲ ಆರಿಸಿದ್ದರೂ ವಿದ್ಯುತ್ತು ಬೋಟಿನಿಂದ ಎಲ್ಲಿಗೋ ಹೋಗುತ್ತಿತ್ತು. ಅದರ ಬೆನ್ನುಹತ್ತಿ ಮೇಲಕ್ಕೆ ಬಂದವರು ಅಂಚಿನ ಕಂಬಿಯ ಬಳಿ ನಿಂತುಬಿಟ್ಟರು. ಪಕ್ಕದ ಬೋಟಿಗೆ ಬಿಗಿದಿದ್ದ ಒದ್ದೆ ಹಗ್ಗದ ಎಳೆಗಳ ನಡುವೆ ಬೂದುಬಣ್ಣದ ಪೊರೆ ಹಬ್ಬಿತ್ತು.

“ಆ ಬೋಟಿನಲ್ಲೂ ಜೀವತಂತಿಯೇ?”

“ಹೌದ್. ನಮ್ ಅಣ್ಣಪ್ಪಂದ್. ಎದಿ ಆಪರೇಷನ್ ಆಯಿ ಉಡುಪಿ ಆಸ್ಪತ್ರಿಯಂಗೆ ಇದ್ದ. ಅವನ್ ಬಪ್ಪಲ್ಲಿವರಿಗ್ ಬೋಟ್ ಇಲ್ಲೇ ಕಟ್ಟಿಟ್ಟದ್.”

“ಹಾಗಾದರೆ ಗೊತ್ತಾಯಿತು. ಅವರ ಬ್ಯಾಟರಿ ಬರಿದಾಗುತ್ತಾ ಬಂದಿರಬೇಕು. ನಿಮ್ಮ ತಂತಿ ಅದನ್ನೂ ತನ್ನದೇ ಗಾಯ ಎಂದುಕೊಂಡು ಹಗ್ಗದ ಮೇಲೆ ಹಾದುಹೋಗಿ ಸೇರಿಕೊಂಡಿದೆ. ಹೋಗುವ ದಾರಿ ಹಗ್ಗ, ಮರಳುವ ದಾರಿ ಸಮುದ್ರದ ನೀರು. ಆ ಹರಿವೇ ನಿಮ್ಮ ಮೀಟರುಗಳನ್ನು ಕೆಡಿಸುತ್ತಿದೆ.” ಅವರಿಗೆ ಬೆರಗಾಗಿತ್ತು. ತಾವೇ ಸಾಕಿದ ಜೀವಿಗಳು ಹೀಗೆ ಮಾಡಬಲ್ಲವೆಂದು ಅವರು ಎಣಿಸಿರಲಿಲ್ಲ. “ಅಲ್ಲಿ ಏನಾದರೂ ಓಡುತ್ತಿದೆಯೇ?”

“ಎಂತ ಇಲ್ಲೆ ಮೇಡಂ. ಜನವೇ ಇಲ್ಲೆ ಅದ್ರಂಗೆ.”

ಮರುದಿನವೇ ಕಡಲಿಗಿಳಿಯುವ ಅವಸರದಲ್ಲಿದ್ದ ದಾಮೋದರ. ವಾರಿಜಾ ಕೂಡ ಪಕ್ಕದ ಬೋಟಿಗೆ ಕಾಲಿಡಲಿಲ್ಲ. ಹಗ್ಗ ಕತ್ತರಿಸಿ, ಕಂಬಿಗೆ ವಿದ್ಯುತ್ತು ತಡೆಯುವ ಬಣ್ಣ ಬಳಿದು, ನೈಲಾನಿನ ಹೊಸ ಹಗ್ಗ ಕಟ್ಟಿದರು. ಮುಳ್ಳುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ದಾಮೋದರ ಆ ಸಲ ಮೀನು ತುಂಬಿಕೊಂಡೇ ಬಂದ.

ಅಳಿವೆ ದಾಟಿ ಒಳಗೆ ಬರುವಾಗ ಅವನಿಗೆ ಮೊದಲು ಕಂಡದ್ದು ಬೋಟು ಕಟ್ಟುವ ದಕ್ಕೆಯ ಮೇಲೆ ಸೇರಿದ್ದ ಜನ. ಅಣ್ಣಪ್ಪನ ಬೋಟಿದ್ದ ಜಾಗದಲ್ಲಿ ನೀರಿನ ಮೇಲೆ ಅದರ ಬಾವುಟದ ಕಂಬ ಮಾತ್ರ ಓರೆಯಾಗಿ ನಿಂತಿತ್ತು. ಎಣ್ಣೆ ಹೊಳೆಯುತ್ತಾ ಹರಡಿತ್ತು.

ಆಗ ಅವನಿಗೆ ಹೊಳೆಯಿತು. ಅಣ್ಣಪ್ಪನ ಬೋಟಿನ ಅಡಿಯಲ್ಲಿ ಸಣ್ಣ ಸೋರಿಕೆ ಮೊದಲಿನಿಂದಲೂ ಇತ್ತು. ಒಳಗೆ ನೀರು ಏರಿದೊಡನೆ ತಾನೇ ಓಡುವ ಪಂಪೊಂದು ಅದನ್ನು ಹೊರಗೆ ಚೆಲ್ಲುತ್ತಿತ್ತು. ಬಂದರಿನಲ್ಲಿದ್ದ ಪ್ರತಿ ಬೆಳಿಗ್ಗೆಯೂ ಆ ನೀರು ಚಿಮ್ಮುವುದನ್ನು ಅವನು ಕಣ್ಣಾರೆ ಕಂಡಿದ್ದ. ಎಷ್ಟೋ ಕಾಲದಿಂದ ಇಂಜಿನ್ನೇ ತಿರುಗದ ಬೋಟಿನಲ್ಲಿ ಪಂಪು ಯಾವ ಬಲದ ಮೇಲೆ ಓಡುತ್ತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ವಾರಿಜಾ ಕೇಳಿದಾಗಲೂ ಅದು ನೆನಪಿಗೆ ಬಂದಿರಲಿಲ್ಲ.

ಸುದ್ದಿ ಕೇಳಿ ವಾರಿಜಾ ಓಡಿಬಂದರು. “ಎಷ್ಟು ಹೋಗುತ್ತಿದೆ ಎಂದು ಅಳೆದೆ. ಯಾತಕ್ಕೆ ಹೋಗುತ್ತಿದೆ ಎಂದು ಇಣುಕಿ ನೋಡಲಿಲ್ಲ,” ಎಂದಷ್ಟೇ ಹೇಳಿದರು. ಅವರ ಪ್ರಯೋಗಾಲಯ ಮಾತ್ರ ಪಕ್ಕದ ಬೋಟಿಗೆ ಎಂದೂ ಹಬ್ಬದಂಥ ಹೊಸ ತಂತಿಯನ್ನು ಬೇಗನೆ ತಯಾರಿಸಿ, ಅದನ್ನು ಸುಧಾರಣೆ ಎಂದು ಕರೆಯಿತು.

ಅಣ್ಣಪ್ಪ ಆಸ್ಪತ್ರೆಯಿಂದ ಬಂದಾಗ ಬೋಟನ್ನು ದಡಕ್ಕೆಳೆದು ಹಾಕಿದ್ದರು. ಇಂಜಿನ್ನಿನ ತುಂಬ ಉಪ್ಪು, ಕೆಸರು. ಅವನು ಹಲಗೆಗೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಾ ನಿಂತ. ದಾಮೋದರ ಹತ್ತಿರ ಹೋಗಲಾರದೆ ದೂರದಲ್ಲೇ ನಿಂತ.

“ಬ್ಯಾಟ್ರಿ ಎಷ್ಟ್ ದಿನ ಬತ್ತ್ ಅಂದೇಳಿ ನಂಗೆ ಹೆದ್ರಿಕಿ ಇದ್ದಿತ್,” ಎಂದ ಅಣ್ಣಪ್ಪ. “ಆರೆ ನೀ ಫೋನಂಗೆ ಪಂಪ್ ಓಡತ್ತ್ ಅಂದ್ಯಲೆ. ನೀನೇ ದಿನಾ ನಿನ್ ಬೋಟಿಂದ ಚಾರ್ಜ್ ಕೊಡ್ತಿದ್ದೆ ಅಂದೇಳಿ ಎಣಿಸ್ಕಂಡೆ. ಆಸ್ಪತ್ರಿಯಂಗೆ ಎಲ್ಲರತ್ರವೂ ನಿನ್ನ್ ಸುದ್ದಿ ಹೇಳ್ತಿದ್ದೆ.”

ಹೌದೆಂದು ಹೇಳಿ ಪಾರಾಗಬಹುದಿತ್ತು. ಕೊನೆಯಲ್ಲಿ ಏನೋ ಕೆಟ್ಟಿತು ಎಂದರೆ ಅಣ್ಣಪ್ಪ ನಂಬುತ್ತಿದ್ದ. ದಾಮೋದರ ಒಂದು ಹೆಜ್ಜೆ ಮುಂದಿಟ್ಟ.

“ಕೊಟ್ಟದ್ ನಾನಲ್ಲ ಮಾರಾಯ. ತಂತಿ ತಾನೇ ಕೊಡ್ತಿದ್ದಿತ್. ನಾನ್ ಅದನ್ನ ಕಡಿಸ್ದೆ.”

ಅಣ್ಣಪ್ಪ ಬಯ್ಯಲಿಲ್ಲ. “ಹೌದಾ,” ಎಂದ, ಅಷ್ಟೇ. ಹಲಗೆಯ ಮೇಲಿಂದ ಕೈ ತೆಗೆದು ರಸ್ತೆಯ ಏರಿನ ಕಡೆ ಮೆಲ್ಲಗೆ ನಡೆದ. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಅವನ ತೋಳು ಹಿಡಿಯಬಹುದೋ ಬಾರದೋ ತಿಳಿಯದೆ ದಾಮೋದರ ಒಂದಿಷ್ಟು ದೂರ ಬಿಟ್ಟು ಹಿಂದಿನಿಂದ ನಡೆದ. ಅವನು ನಿಂತಾಗಲೆಲ್ಲ ತಾನೂ ನಿಂತ.