ನೀರು ಕಂಡ ಮ್ಯಾಂಡೊಲಿನ್

೧೯೩೪ರ ಮೇ ಹನ್ನೊಂದನೇ ತಾರೀಖು ಬೆಳಿಗ್ಗೆ ಗೋದಾಬಾಯಿ ಹೊಸಪೇಟೆ ಠಾಣೆಗೆ ಬಂದು ನೆಲದ ಮೇಲೆ ಕುಸಿದು ಕೂತಳು. ಗಂಡ ಶೀನಪ್ಪ ನಡುಮನೆಯಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದಾನೆ, ಅವನ ಮ್ಯಾಂಡೊಲಿನ್ ಕಾಣೆಯಾಗಿದೆ ಎಂಬುದು ಅವಳ ದೂರು.

"ಯಾರ ಮ್ಯಾಲ ಅನುಮಾನ, ತಾಯಿ?" ಸಬ್ ಇನ್‌ಸ್ಪೆಕ್ಟರ್ ದೊಡ್ಡಬಸಪ್ಪ ಕೇಳಿದ.

"ಕಂಪ್ಲಿ ಹಾಲಸ್ವಾಮಿ. ಇವರ ಹತ್ರ ಕಲಿಯಾಕ ಬರ್ತಿದ್ದ. ಆ ಮ್ಯಾಂಡೊಲಿನ್ ಮ್ಯಾಲ ಅವನ ಕಣ್ಣಿತ್ತು."

ಎಫ್‌ಐಆರ್ ಆಯಿತು. ಆ ಮ್ಯಾಂಡೊಲಿನ್ ಊರಿಗೆಲ್ಲ ಗೊತ್ತಿದ್ದದ್ದೇ. ಸಂಡೂರಿನ ಗಣಿಯಲ್ಲಿ ಗುಮಾಸ್ತನಾಗಿದ್ದ ಶೀನಪ್ಪನಿಗೆ ಇಟಲಿಯ ಎಂಜಿನಿಯರನೊಬ್ಬ ಊರಿಗೆ ಹೊರಡುವಾಗ ಕೊಟ್ಟು ಹೋದದ್ದು, ಆ ಎಂಜಿನಿಯರನ ಅಜ್ಜನ ಕಾಲದ ವಾದ್ಯವಂತೆ. ಶೀನಪ್ಪ ಅದಕ್ಕೆ ಮಾಡುತ್ತಿದ್ದ ಆರೈಕೆ ಏನು ಕೇಳುತ್ತೀರಿ! ಬಿಸಿಲಿಗೆ ತಂತಿ ಸಡಿಲಿಸುವುದು, ದಿನಕ್ಕೆರಡು ಸಲ ಒರೆಸುವುದು. ಹೆಂಡತಿಗೆ ಮಾತ್ರ ಮುಟ್ಟಲೂ ಬಿಡುತ್ತಿರಲಿಲ್ಲ, ಅದರ ಬಗ್ಗೆ ಒಂದು ಮಾತೂ ಹೇಳುತ್ತಿರಲಿಲ್ಲ.

ಪಂಚನಾಮೆಯಲ್ಲಿ ಹೆಣದ ಪಕ್ಕ ರುಬ್ಬುಗುಂಡು ಸಿಕ್ಕಿತು. ಸಂಜೆಯೊಳಗೆ ಹಾಲಸ್ವಾಮಿಯನ್ನು ಹಿಡಿದು ತಂದರು. ಹಿಂದಿನ ಸಂಜೆ ಶೀನಪ್ಪನ ಮನೆಗೆ ಬಂದಿದ್ದು ನಿಜ, ವಾದ್ಯವನ್ನು ಕಂಪ್ಲಿಗೆ ಒಯ್ಯಲು ಕೇಳಿ ಬೈಸಿಕೊಂಡದ್ದೂ ನಿಜ ಎಂದು ಒಪ್ಪಿಕೊಂಡ. ನಾಳೆಯೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಎಂದು ಮೇಲಿನವರ ಹುಕುಂ ಬಂತು. ಕೊಲೆ ಕೇಸು, ಸಾಬೀತಾದರೆ ಹುಡುಗನಿಗೆ ನೇಣು. ದೊಡ್ಡಬಸಪ್ಪನಿಗೆ ಅವತ್ತು ಊಟ ಸೇರಲಿಲ್ಲ.

ಮರುದಿನ ಕಾನ್‌ಸ್ಟೇಬಲ್ ಪಕ್ಕೀರಪ್ಪ ಶೀನಪ್ಪನ ಹಿತ್ತಲಾಚೆಯ ಮುಳ್ಳುಕಂಟಿಯಿಂದ ಮ್ಯಾಂಡೊಲಿನ್ ಎತ್ತಿ ತಂದ. ಅದರ ಹಿಂಬದಿಯ ದುಂಡು ಬುರುಡೆಯ ಮರದ ಪಟ್ಟಿಗಳು ಕಿತ್ತಳೆ ತೊಳೆಗಳ ಹಾಗೆ ಬಿಡಿಬಿಡಿಯಾಗಿದ್ದವು.

"ಓಡೋವಾಗ ಬಿಸಾಕ್ಯಾನ್ರಿ. ಮುಗೀತು ಕೇಸು."

ದೊಡ್ಡಬಸಪ್ಪ ಅದನ್ನು ಲಾಕಪ್ಪಿಗೆ ಒಯ್ದು ತೋರಿಸಿದ. ನೇಣಿನ ಮಾತಿಗೂ ಅಳದಿದ್ದ ಹಾಲಸ್ವಾಮಿ ಈಗ ಗೊಳೋ ಎಂದು ಅತ್ತ.

"ಅಯ್ಯೋ ಶಿವನೇ, ಇದಕ್ಕ ನೀರು ಯಾರು ಹಾಕಿದ್ರು?"

"ನೀರೇನಲೇ?"

"ಚರ್ಮ ಕುದಿಸಿ ಮಾಡಿದ ಅಂಟು ಸಾಹೇಬ್ರ. ನೀರಾಗ ನೆಂದ್ರ ಬಿಟ್ಕೊಂತೈತಿ. ಕೈಬೆವರು ಸೈತ ತಾಗಬಾರ್ದು ಅಂತ ಗುರುಗಳು ಮೊದಲ ದಿನಾನ ಹೇಳಿದ್ರು. ನಾ ಹೆಂಗ ನೀರು ಹಾಕ್ಲಿರಿ?"

ಬೇಸಿಗೆ, ಒಂದು ಹನಿ ಮಳೆಯಿಲ್ಲ. ದೊಡ್ಡಬಸಪ್ಪ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದ. ಒಳಗೆ ಅರಿಶಿನದ ಕಲೆ. ಮೂಸಿದರೆ ಗೋಮೂತ್ರದ ವಾಸನೆ. ಸಾವಿನ ಮೈಲಿಗೆ ಕಳೆಯುವ ನೀರು ಅದು.

"ಪಕ್ಕೀರಪ್ಪ, ಹಾಲಸ್ವಾಮಿ ನಮ್ಮ ಮಂದಿ, ಲಿಂಗ ಕಟ್ಟಿದಾವ. ನಮ್ಮೊಳಗ ಸಾವಿನ ಸೂತಕಾನ ಇಲ್ಲ. ಇವ ಯಾಕ ಮೈಲಿಗಿ ತೊಳೀತಾನ? ಅದೆಲ್ಲ ಶೀನಪ್ಪನ ಮನಿ ಮಂದಿ ಮಾಡೋದು. ಅಲ್ಲಲೇ, ಯಾವ ಕಳ್ಳನಾದ್ರೂ ಕದ್ದ ಮಾಲಿಗೆ ಮಡಿ ಮಾಡ್ಯಾನೇನು?"

ಪಕ್ಕೀರಪ್ಪ ಟೋಪಿ ಹಾಕಿಕೊಂಡ. ಇಬ್ಬರೂ ನೇರ ಶೀನಪ್ಪನ ಮನೆಗೆ ನಡೆದರು.

ಗೋದಾಬಾಯಿ ಗೋಡೆಗೆ ಒರಗಿ ಕೂತಿದ್ದಳು.

"ಮ್ಯಾಂಡೊಲಿನ್ ಯಾಕ ತೊಳದ್ರಿ, ತಾಯಿ?"

ಅವಳು ಸೆರಗನ್ನು ಎದೆಗೆ ಒತ್ತಿ ಹಿಡಿದಳು.

"ಹೆಣದ ಕೈಯಾಗ ಇತ್ತು. ರಕ್ತ ಸಿಡಿದಿತ್ತು. ಮೈಲಿಗಿ ಆದದ್ದನ್ನ ಮನ್ಯಾಗ ಹಂಗ ಇಡಾಕ ಬರ್ತದೇನ್ರಿ? ತೊಳದೆ. ಕೈಯಾಗ ಬಿಚ್ಚಿಕೊಂತು. ಹೆದರಿ ಒಗದೆ."

"ಹುಡುಗನ ಹೆಸರು ಯಾಕ ಹೇಳಿದ್ರಿ?"

"ಯಾರದರ ಹೇಳ್ಬೇಕಿತ್ತಲ್ಲ. ಪಾಪ ಮಾಡಿದೆ, ಅವನ್ನ ಬಿಡ್ರಿ."

"ಯಜಮಾನ್ರನ್ನ ಯಾಕ ಹೊಡದ್ರಿ?"

"ನನ್ನ ಮಗಳು ಜ್ವರದಾಗ ಹೋದ್ಲು. ಅಕಿದು ಅಂತ ಒಂದ ರೇಷ್ಮಿ ಲಂಗ ಉಳಿದಿತ್ತು. ಅವತ್ತು ರಾತ್ರಿ ಪೆಟ್ಟಿಗಿ ತಗದು ಅದನ್ನ ಕತ್ತರಿಸ್ಲಿಕ್ಕೆ ಕೂತ್ರು. ತಂತಿ ಒರಸಾಕ ಮೆತ್ತನ ಬಟ್ಟಿ ಬೇಕಂತ. ಬ್ಯಾಡ್ರಿ ಅಂದೆ, ಕಾಲು ಹಿಡದೆ. 'ಸತ್ತಾಕಿಗೆ ಲಂಗ ಯಾಕ' ಅಂತ ನಾಕು ತುಂಡು ಮಾಡಿ, ಮ್ಯಾಂಡೊಲಿನ್ ಎತ್ಕೊಂಡು ಒರಸಾಕ ಹತ್ತಿದ್ರು."

ಹನ್ನೆರಡನೇ ತಾರೀಖು ಮಧ್ಯಾಹ್ನ ಗೋದಾಬಾಯಿಯ ದಸ್ತಗಿರಿಯಾಯಿತು. ಹಾಲಸ್ವಾಮಿಯನ್ನು ಬಿಟ್ಟರು. ಹೊರಡುವ ಮೊದಲು ಅವಳು ಸೆರಗಿನೊಳಗಿಂದ ಲಂಗ ತೆಗೆದಳು. ನಾಲ್ಕು ತುಂಡುಗಳನ್ನು ಸಣ್ಣ ಹೊಲಿಗೆ ಹಾಕಿ ಮತ್ತೆ ಕೂಡಿಸಿದ್ದಳು. ಕೇಸಿನ ಸಾಕ್ಷಿ, ಜಪ್ತಿ ಮಾಡದೆ ವಿಧಿಯಿಲ್ಲ. ಪಕ್ಕೀರಪ್ಪ ಕೈ ಮುಂದೆ ಮಾಡಲಾರದೆ ಸಾಹೇಬರ ಮುಖ ನೋಡಿದ. ಕೊನೆಗೆ ದೊಡ್ಡಬಸಪ್ಪನೇ ಇಸಿದುಕೊಂಡ.

"ಕೆಲಸ ಮುಗದ ಮ್ಯಾಲ ನನಗ ತಿರುಗಿ ಕೊಡ್ತೀರೇನ್ರಿ?"

ಇಂಥ ಕೇಸಿನ ಮಾಲು ಯಾರ ಕೈಗೂ ತಿರುಗಿ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಕೊಡ್ತೀವಿ, ತಾಯಿ," ಎಂದ.