ಗುಜರಿ ಎಂದು ಬರೆದುಕೊಟ್ಟ ಟ್ರಾಕ್ಟರು

ಹುಲ್ಲು ಕತ್ತರಿಸುವ ಬ್ಲೇಡು ಒಂದು ಕಡೆ ಭಾರವಾಗಿದೆ ಎಂದು ಸ್ಟೇಷನ್ ಮಾಸ್ಟರು ಅದನ್ನು ಮೂರು ಸಲ ಮೆಕ್ಯಾನಿಕ್‌ನ ಅಂಗಡಿಗೆ ವಾಪಸು ತಂದಿದ್ದರು. ಮೂರು ಸಲವೂ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಅದು ಮೆಲ್ಲಗೆ ಎಡಕ್ಕೆ ವಾಲುವುದನ್ನು ಎಲ್ಲರಿಗೂ ತೋರಿಸಿ, "ನೋಡಪ್ಪ, ಇದನ್ನ ಹಾಕಿದ್ರೆ ಗಾಡಿ ನಡುಗುತ್ತೆ" ಎಂದಿದ್ದರು. ಆಗ ನಕ್ಕವರು ಯಾರು ಯಾರು ಎಂಬುದು ಹನ್ನೊಂದು ವರ್ಷವಾದರೂ ಮೆಕ್ಯಾನಿಕ್‌ಗೆ ನೆನಪಿತ್ತು.

ಸ್ಟೇಷನ್ ಮಾಸ್ಟರು ಅಂಗಡಿಗೆ ಬರುವಾಗ ಅರ್ಧ ಎಳೆದ ಶಟರಿನ ಕೆಳಗೆ ಮಡಚಿಕೊಂಡು ನುಗ್ಗಬೇಕಿತ್ತು, ಅಷ್ಟು ಉದ್ದ. ಮೆಕ್ಯಾನಿಕ್ ಅವರಿಗೆ ದೀಪದ ಕಂಬ ಎಂದು ಹೆಸರಿಟ್ಟಿದ್ದ, ಬೆನ್ನ ಹಿಂದೆ. ಕಂಬ ಫಿಲ್ಟರು, ಬೆಲ್ಟು, ಆಯಿಲ್ ಕೊಂಡುಕೊಂಡು ಹೋಗುತ್ತಿತ್ತೇ ಹೊರತು ಮೇಲೆ ಕೂತು ಹುಲ್ಲು ಕತ್ತರಿಸುವ ತನ್ನ ಪುಟ್ಟ ಟ್ರಾಕ್ಟರನ್ನು ಒಂದು ದಿನವೂ ಸರ್ವೀಸಿಗೆ ತರಲಿಲ್ಲ. ಕೇಳಿದರೆ, "ಮನೇಲೇ ನೋಡ್ಕೋತೀವಿ" ಎಂಬ ಉತ್ತರ. ಊರಿಗೆಲ್ಲ ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಇದು ಮುಖಕ್ಕೆ ಹೊಡೆದ ಹಾಗಿತ್ತು.

ಈಗ ಕಂಬ ತೀರಿಹೋಗಿ ಎರಡು ತಿಂಗಳಾಗಿತ್ತು. ಆಸ್ಪತ್ರೆಯ ಮೈದಾನದ ಹುಲ್ಲು ಕತ್ತರಿಸುವ ಕೆಲಸ, ಅದೂ ಐದು ವರ್ಷಕ್ಕೆ, ಮೆಕ್ಯಾನಿಕ್‌ನ ಬಾಗಿಲಿಗೆ ಬಂದು ನಿಂತಿತ್ತು. ಅಂಗಡಿಗೆ ಜನ ಬರುವುದು ಕಮ್ಮಿಯಾಗಿ, ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಸ್ಪ್ಯಾನರು ಒರೆಸುವುದೇ ಕೆಲಸವಾಗಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಇದು ತಪ್ಪಿದರೆ ಶಟರನ್ನು ಪೂರ್ತಿ ಎಳೆಯುವುದೇ ಸರಿ ಎಂದು ಅವನು ಹೆಂಡತಿಗೆ ಹೇಳಿಯೂ ಆಗಿತ್ತು. ಆಸ್ಪತ್ರೆಯ ಮೇಲ್ವಿಚಾರಕನ ಷರತ್ತು ಒಂದೇ: ಒಂದನೇ ತಾರೀಖಿನೊಳಗೆ ಸ್ವಂತ ಗಾಡಿ ಇರಬೇಕು.

"ನಮ್ಮ ಅಕ್ಕನ ಹತ್ರ ಭಾವನ ಹಳೇ ಟ್ರಾಕ್ಟರ್ ಇದೆ, ಮಾರ್ತಾರಂತೆ. ಹೋಗಿ ನೋಡು. ನ್ಯಾಯವಾದ ಬೆಲೆ ಕೊಡು, ಅಷ್ಟೇ" ಎಂದಿದ್ದ ಮೇಲ್ವಿಚಾರಕ. ಅವನ ಭಾವ ಎಂದರೆ ಕಂಬವೇ.

ನ್ಯಾಯ ಎಂದರೆ ಏನು ಎಂದು ಮೆಕ್ಯಾನಿಕ್ ಎರಡು ದಿನ ಯೋಚಿಸಿದ. ಹನ್ನೊಂದು ವರ್ಷದ ಅವಮಾನವನ್ನೂ ಬೆಲೆಯಲ್ಲಿ ಸೇರಿಸುವುದೇ ನ್ಯಾಯ ಎಂಬ ತೀರ್ಮಾನಕ್ಕೆ ಬಂದ. ಟ್ಯಾಂಕಿಗೆ ಸಕ್ಕರೆ ಸುರಿಯುವುದು, ವೈರು ಕತ್ತರಿಸುವುದು ಇವೆಲ್ಲ ದಡ್ಡರ ಕೆಲಸ; ನಾಳೆ ತನ್ನದಾಗುವ ಗಾಡಿಯನ್ನು ಯಾರಾದರೂ ಕೆಡಿಸುತ್ತಾರೆಯೇ. ಅವನಿಗೆ ಬೇಕಾಗಿದ್ದದ್ದು ಒಂದು ಗೀರೂ ಬೀಳದ ಉಪಾಯ. ಅದು ಗಾಡಿಯಲ್ಲೇ ಇತ್ತು. ಈ ಜಾತಿಯ ಟ್ರಾಕ್ಟರಿನಲ್ಲಿ ಬ್ಲೇಡು ತಿರುಗಿಸುವ ಲಿವರು ಮೇಲಕ್ಕಿದ್ದರೆ ಕೀಲಿ ಎಷ್ಟು ತಿರುಗಿಸಿದರೂ ಎಂಜಿನ್ ಉಸಿರೆತ್ತುವುದಿಲ್ಲ. ಯಾರ ಕಾಲಾದರೂ ಕೆಳಗಿದ್ದೀತು ಎಂದು ತಯಾರಿಸಿದವರು ಮಾಡಿಟ್ಟ ಏರ್ಪಾಟು ಅದು. ಓಡಿಸಿದವರಿಗೆ ಗೊತ್ತು, ಓಡಿಸದವರಿಗೆ ಗೊತ್ತಾಗುವ ದಾರಿಯಿಲ್ಲ. ಓಡಿಸಿದವರು ತೀರಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಹೋದ. ಮನೆಯ ಹಿಂದಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಯಜಮಾನರು ಹೋದ ಮೇಲೆ ಕೇಳುವವರಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಅವರ ಹೆಂಡತಿ ಅವನ ಭುಜದಷ್ಟು ಎತ್ತರದ, ಕಡಿಮೆ ಮಾತಿನ ಹೆಂಗಸು. ಶೆಡ್ಡಿನ ಬಾಗಿಲು ತೆಗೆದು ಕೀಲಿ ಕೊಟ್ಟು, "ನೋಡ್ತಾ ಇರಪ್ಪ, ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋದರು.

ಅವನಿಗೆ ಎರಡು ನಿಮಿಷ ಸಾಕಾಗಿತ್ತು. ಆಯಿಲ್ ಕಡ್ಡಿ ಎಳೆದು ನೋಡಿದ, ಜೇನಿನ ಬಣ್ಣ. ಬೆಲ್ಟು ಬಿಗಿಯಾಗಿತ್ತು, ಗ್ರೀಸು ಬೇಕಾದ ಕಡೆಯೆಲ್ಲ ಗ್ರೀಸಿತ್ತು. ಕಂಬ ಕೈಕೆಲಸ ಬಲ್ಲದು ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಅವನ ಹೊಟ್ಟೆ ಇನ್ನಷ್ಟು ಉರಿಯಿತು. ಹತ್ತಿ ಕೂತರೆ ಎರಡೂ ಮೊಣಕಾಲು ಸ್ಟಿಯರಿಂಗಿಗೆ ಠಪ್ಪೆಂದು ಬಡಿದವು. ಬೈದುಕೊಂಡು, ಕೆಳಗೆ ತಡಕಾಡಿ, ಸೀಟನ್ನು ನಾಲ್ಕು ಹಲ್ಲು ಹಿಂದಕ್ಕೆ ಸರಿಸಿ ಆರಾಮಾಗಿ ಕೂತ. ಲಿವರನ್ನು ಮೇಲಕ್ಕೆತ್ತಿದ. ಆಮೇಲೆ ಮುಖವನ್ನು ಸಾವಿನ ಮನೆಗೆ ಹೊಂದುವಂತೆ ಸರಿಮಾಡಿಕೊಂಡು ಅವರನ್ನು ಕರೆದ.

ಅವರ ಎದುರಿಗೇ ಕೀಲಿ ತಿರುಗಿಸಿದ. ಗಾಡಿ ಟಿಕ್ ಎನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಮೂರನೆಯ ಸಲ ತಿರುಗಿಸಿ ನಿಟ್ಟುಸಿರು ಬಿಟ್ಟ.

"ಎಂಜಿನ್ ಒಳಗೇ ಕಚ್ಕೊಂಡ್ಬಿಟ್ಟಿದೆ ಅಮ್ಮ. ಎರಡು ತಿಂಗಳು ನಿಂತ್ರೆ ಹೀಗೇ. ಹಳೇ ಗಾಡಿ ನೋಡಿ."

"ಅವರಿದ್ದಾಗ ಒಂದಿನಾನೂ ಕೈ ಕೊಟ್ಟಿರ್ಲಿಲ್ಲ."

"ಅವರ ಕೈ ಪಳಗಿತ್ತು ಅಮ್ಮ, ಅದಕ್ಕೆ. ಈಗ ಇದು ಬರೀ ಕಬ್ಬಿಣ. ಗುಜರಿ ಬೆಲೆಗೆ ನಾನೇ ಹೊತ್ಕೊಂಡು ಹೋಗ್ತೀನಿ, ನಿಮಗೂ ಜಾಗ ಖಾಲಿಯಾಗುತ್ತೆ."

ಅವರು ಟ್ರಾಕ್ಟರಿನ ಸೀಟಿನ ಮೇಲೊಮ್ಮೆ ಕೈಯಾಡಿಸಿದರು. ಗಂಡನ ನೆನಪು, ಪಾಪ, ಎಂದುಕೊಂಡ ಅವನು. ನಿಜಕ್ಕೂ ಒಂದು ಕ್ಷಣ ಅವನಿಗೆ ಕೆಡುಕೆನಿಸಿತು.

"ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಡ್ತೀಯಾ?" ಎಂದರು. "ನನ್ನ ತಮ್ಮನಿಗೆ ತೋರಿಸ್ಬೇಕು."

ಅವನಿಗೆ ಕುಣಿಯುವಂತಾಯಿತು. ಅಂಥದೊಂದು ಕಾಗದವನ್ನು ಮೇಲ್ವಿಚಾರಕನಿಗೆ ತಾನೇ ಹೇಗೆ ದಾಟಿಸುವುದು ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದವನಿಗೆ ಅವರೇ ಕೈ ಚಾಚಿದ್ದರು. ಮೇಲ್ವಿಚಾರಕ ಅದನ್ನು ಓದುತ್ತಾನೆ. ಅಕ್ಕನ ಹಳೇ ಕಬ್ಬಿಣವನ್ನೂ ಬೇಡ ಎನ್ನದೆ ಕೊಂಡ ಒಳ್ಳೆಯವನು ಎನ್ನುತ್ತಾನೆ. ವಾರ ಕಳೆದು ಅದೇ ಗಾಡಿ ಆಸ್ಪತ್ರೆಯ ಮೈದಾನದಲ್ಲಿ ಗುಡುಗಿದಾಗ, ಸತ್ತ ಎಂಜಿನ್ನಿಗೆ ಜೀವ ಕೊಟ್ಟ ಕೈ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ. ಮೊಳೆಗೆ ಬ್ಲೇಡು ಸಿಕ್ಕಿಸಿದಾಗ ನಕ್ಕವರೂ ಮಾತಾಡಿಕೊಳ್ಳುತ್ತಾರೆ. ಅಂಗಡಿಯ ಹೆಸರು ಅಚ್ಚಾದ ಹಾಳೆಯಲ್ಲಿ ಬರೆದ: "ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ. ಎಂಜಿನ್ ಪೂರ್ತಿ ಹಾಳಾಗಿದೆ. ಯಾವ ರಿಪೇರಿಯೂ ಸಾಧ್ಯವಿಲ್ಲ. ಗುಜರಿ." ಸಹಿ ಹಾಕಿ, ಮೊಹರು ಮಸುಕಾಗಿ ಬಿತ್ತೆಂದು ಎರಡನೆಯ ಸಲವೂ ಒತ್ತಿದ. ಲಿವರನ್ನು ಮಾತ್ರ ಮೇಲಿದ್ದ ಹಾಗೇ ಬಿಟ್ಟು ಬಂದ. ತಮ್ಮ ಬಂದು ಕೀಲಿ ತಿರುಗಿಸಿ ನೋಡಲಿ, ಬೇಕಾದರೆ.

ಗುರುವಾರ ಬಾಡಿಗೆ ವ್ಯಾನು ತಂದಾಗ ಮೇಲ್ವಿಚಾರಕ ಶೆಡ್ಡಿನ ಮುಂದೆ ಕಾಗದ ಹಿಡಿದು ನಿಂತಿದ್ದ. ನಗಲಿಲ್ಲ, ಬೈಯಲೂ ಇಲ್ಲ. "ಇದು ನೀನೇ ಬರೆದಿದ್ದಲ್ವಾ?" ಎಂದು ಮಾತ್ರ ಕೇಳಿದ.

"ಹೌದು ಸರ್. ಒಂದೊಂದು ಅಕ್ಷರಾನೂ ನನ್ನದೇ" ಎಂದ ಮೆಕ್ಯಾನಿಕ್.

ಅಕ್ಕ ಹಳೆಯ ಬೂಟು ಹಾಕಿಕೊಂಡು ಬಂದರು. "ಕೊಡೋ ಮುಂಚೆ ಒಂದ್ಸಲ ಕೂತ್ಕೋತೀನಪ್ಪ, ಬೇಜಾರಿಲ್ಲ ತಾನೆ?"

"ಅಯ್ಯೋ, ಕೂತ್ಕೊಳಿ ಅಮ್ಮ" ಎಂದು ಅವನು ದೊಡ್ಡ ಮನಸ್ಸಿನಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಅವರು ಹತ್ತಿ ಕೂತರು. ಬೂಟು ಪೆಡಲಿಗೆ ಎಟುಕಲಿಲ್ಲ. ಬಗ್ಗಿಯೂ ನೋಡದೆ ಕೈ ಕೆಳಗಿಳಿಸಿ ಸೀಟನ್ನು ಮುಂದಕ್ಕೆಳೆದರು: ಟಕ್, ಟಕ್, ಟಕ್, ಟಕ್. ನಾಲ್ಕನೆಯ ಹಲ್ಲಿಗೆ ಸೀಟು ಸೋಮವಾರ ಬೆಳಿಗ್ಗೆ ಇದ್ದಲ್ಲಿಗೇ ಬಂದು ನಿಂತಿತು. ಮೆಕ್ಯಾನಿಕ್‌ನ ಮೊಣಕಾಲುಗಳಿಗೆ ಆ ಜಾಗ ಚೆನ್ನಾಗಿ ನೆನಪಾಯಿತು. "ಅವರಿಗೆ ಬೆನ್ನು ನೋವು, ಇದರ ಮೇಲೆ ಒಂದಿನಾನೂ ಕೂತಿಲ್ಲ" ಎಂದರು ಅಕ್ಕ, ಲಿವರನ್ನು ಕೆಳಗೆ ತಳ್ಳುತ್ತ. "ಅಂಗಡಿಗೆ ಹೋಗಿಬರೋದು ಅವರ ಪಾಲು. ಬ್ಲೇಡು ವಾಪಸ್ ಕಳಿಸ್ತಿದ್ದೋಳು ನಾನು." ಕೀಲಿಯ ಅರ್ಧ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು. ಆ ಸದ್ದಿನ ನಡುವೆ ಮೇಲ್ವಿಚಾರಕ, ಎರಡು ಮೊಹರು ಬಿದ್ದ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.